ಊರಿನ ಜಾಗ ಮಾರುವ ವಿಷಯ ಸಭೆಗೆ ಬಂದಾಗ ವಾದ ಮಾಡುವುದು ಹೇಗೆ

ನಗರಸಭೆಯ ಜಾಗವನ್ನು ಬಿಲ್ಡರ್ ಕಂಪನಿಗೆ ಮಾರುವ ವಿಷಯ ಅಜೆಂಡಾದಲ್ಲಿ ಮೊದಲು ಬರುವುದೇ ಇಲ್ಲ. ಬೀದಿ ದೀಪ, ಯುಜಿಡಿ (ಒಳಚರಂಡಿ), ಟ್ಯಾಂಕರ್ ನೀರಿನ ಬಿಲ್ಲು ಎಲ್ಲ ಮುಗಿದು, ಜಗಳ ಆಡಿ ಗಂಟಲು ಒಣಗಿ, ಬೋಂಡಾ ಕಾಫಿ ಬಂದ ಮೇಲೆ ಬರುತ್ತದೆ. ಕೆಲವು ಸಲ ಅಜೆಂಡಾದಲ್ಲಿ ಅದರ ಹೆಸರೇ ಇರುವುದಿಲ್ಲ. ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರೆ ವಿಷಯಗಳು’ ಅಂತ ಕೊನೆಯ ಸಾಲು ಇರುತ್ತದಲ್ಲ, ಅಲ್ಲಿ ಅಡಗಿರುತ್ತದೆ. ಎರಡು ನಿಮಿಷ. ‘ಸರ್ವಾನುಮತದಿಂದ ಅಂಗೀಕರಿಸಲಾಯಿತು.’ ಮುಗೀತು.

ನಾನು ಹಿಂದೆ ನಗರಸಭೆ ಸದಸ್ಯೆಯಾಗಿದ್ದೆ. ಅದಕ್ಕೂ ಮುಂಚೆ ಸಹಕಾರ ಸೊಸೈಟಿಯಲ್ಲಿ ಲೆಕ್ಕ ಬರೆಯುತ್ತಿದ್ದೆ. ರಾಜಕೀಯ ನನಗೆ ಅಷ್ಟಾಗಿ ಹತ್ತಲಿಲ್ಲ, ಲೆಕ್ಕ ಮಾತ್ರ ಕೈಬಿಡಲಿಲ್ಲ. ನಮ್ಮೂರ ಹಳೇ ಸಂತೆ ಮೈದಾನವನ್ನು ಒಂದು ಕಂಪನಿಗೆ ಕೊಡುವ ಪ್ರಸ್ತಾವ ಬಂದಾಗ ಆ ಲೆಕ್ಕವೇ ಕೆಲಸಕ್ಕೆ ಬಂತು. ಈಗ ಹೊಸದಾಗಿ ಗೆದ್ದವರು, ಬಡಾವಣೆ ಸಂಘದವರು ಫೋನ್ ಮಾಡಿ, ‘ಅಕ್ಕ, ನಮ್ಮಲ್ಲೂ ಇದೇ ಶುರುವಾಗಿದೆ, ಏನಂತ ಮಾತಾಡೋದು?’ ಅಂತ ಕೇಳುತ್ತಾರೆ. ಅವರಿಗೆ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ. ಊರಿನ ಹೆಸರು, ಕಂಪನಿಯ ಹೆಸರು ಬೇಡ.

ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಡಾವಳಿ ಪುಸ್ತಕಕ್ಕಾಗಿ ಮಾತಾಡಿ, ಅಂದರೆ ಸಭೆಯಲ್ಲಿ ಯಾರು ಏನಂದರು, ಏನು ತೀರ್ಮಾನವಾಯಿತು ಅಂತ ಬರೆದಿಡುವ ಪುಸ್ತಕಕ್ಕಾಗಿ. ಯಾರು ಯಾವ ಕಡೆ ಅನ್ನುವುದು ಸಭೆಗೆ ಹಿಂದಿನ ರಾತ್ರಿಯೇ ಯಾರದೋ ಮನೆಯಲ್ಲಿ ತೀರ್ಮಾನವಾಗಿರುತ್ತದೆ. ನಿಮ್ಮ ಭಾಷಣದಿಂದ ಅದು ಬದಲಾಗುವುದು ಅಪರೂಪ. ಆದರೆ ಆ ಪುಸ್ತಕವನ್ನು ಆಮೇಲೆ ಜಿಲ್ಲಾಧಿಕಾರಿ ನೋಡುತ್ತಾರೆ, ಪೌರಾಡಳಿತ ನಿರ್ದೇಶನಾಲಯದವರು ನೋಡುತ್ತಾರೆ, ಆಡಿಟ್‌ನವರು ನೋಡುತ್ತಾರೆ, ಕೇಸಾದರೆ ಹೈಕೋರ್ಟೂ ನೋಡುತ್ತದೆ. ಮೇಜು ಕುಟ್ಟಿ ಕೂಗಿದ್ದು ಅವರ್ಯಾರಿಗೂ ಕೇಳಿಸುವುದಿಲ್ಲ.

ಕಡತ ಮೊದಲು

ವಿಷಯದ ಸುಳಿವು ಸಿಕ್ಕ ದಿನವೇ ಪೌರಾಯುಕ್ತರಿಗೆ ಲಿಖಿತವಾಗಿ ಕೇಳಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಬಾಯಲ್ಲಿ ಕೇಳಿದರೆ ‘ಆಯ್ತು ಮೇಡಂ, ಕಳಿಸ್ತೀವಿ’ ಅನ್ನುತ್ತಾರೆ. ಬರುವುದಿಲ್ಲ. ಕೇಳಬೇಕಾದವು ಇವು: ಆಸ್ತಿ ರಿಜಿಸ್ಟರಿನಲ್ಲಿ ಆ ಜಾಗದ ಪುಟ, ಸರ್ವೆ ಸ್ಕೆಚ್, ಪಹಣಿ ಅಥವಾ ಖಾತೆ, ಋಣಭಾರ ಪತ್ರ (ಇ.ಸಿ. ಅಂದರೆ ಎಲ್ಲರಿಗೂ ಗೊತ್ತು), ಮಾಸ್ಟರ್ ಪ್ಲಾನ್‌ನಲ್ಲಿ ಅದರ ಬಣ್ಣ ಯಾವುದು (ಜಾಗ ಯಾವ ಬಳಕೆಗೆ ಮೀಸಲು ಅಂತ ಬಣ್ಣ ಹೇಳುತ್ತದೆ) ಅನ್ನುವ ನಕ್ಷೆ, ಬೆಲೆ ಕಟ್ಟಿದವರ ವರದಿ, ಕಂಪನಿ ಕೊಟ್ಟ ಮೂಲ ಅರ್ಜಿ, ಮತ್ತು ಕಚೇರಿ ಟಿಪ್ಪಣಿ. ಈ ಟಿಪ್ಪಣಿಯನ್ನು ಮಾತ್ರ ಬಿಡಬೇಡಿ. ಗುಮಾಸ್ತರಿಂದ ಹಿಡಿದು ಮೇಲಿನವರೆಗೆ ಯಾರು ಯಾವ ತಾರೀಕಿಗೆ ಏನು ಬರೆದರು ಅನ್ನುವುದು ಅದರಲ್ಲಿರುತ್ತದೆ. ನಮ್ಮ ಕಡತದಲ್ಲಿ ಕಂಪನಿಯ ಅರ್ಜಿ ಬರುವ ಮೊದಲೇ ಜಾಗದ ಅಳತೆ ಮಾಡಿಸಲು ಆದೇಶ ಆಗಿತ್ತು. ಯಾರಿಗಾಗಿ ಅಳತೆ ಅಂತ ಕೇಳಿದೆ. ಸಭೆಯಲ್ಲಿ ಉತ್ತರ ಬರಲಿಲ್ಲ. ಪ್ರಶ್ನೆ ಮಾತ್ರ ದಾಖಲಾಯಿತು, ಅಷ್ಟು ಸಾಕಾಗಿತ್ತು.

ಸದಸ್ಯರಲ್ಲದವರು ಮಾಹಿತಿ ಹಕ್ಕಿನಲ್ಲಿ ಕೇಳಬೇಕು. 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಸಾಮಾನ್ಯವಾಗಿ 150 ಪದದೊಳಗೆ. ಇದು ಗೊತ್ತಿಲ್ಲದೆ ಉದ್ದುದ್ದ ಅರ್ಜಿ ಬರೆದು ತಿರಸ್ಕಾರ ಮಾಡಿಸಿಕೊಳ್ಳುವವರು ಜಾಸ್ತಿ. ಆಸ್ತಿಯ ಮೂಲಕ್ಕೆ ಒಂದು, ಬೆಲೆ ವರದಿಗೆ ಒಂದು, ಟಿಪ್ಪಣಿಗೆ ಒಂದು ಅಂತ ಬೇರೆ ಬೇರೆ ಹಾಕಿ. ಉತ್ತರಕ್ಕೆ 30 ದಿನ ಇದೆ, ಹಾಗಾಗಿ ಸಭೆಯ ನೋಟಿಸ್ ಬಂದ ಮೇಲೆ ಹಾಕಿದರೆ ಪ್ರಯೋಜನವಿಲ್ಲ. ಗಾಳಿಸುದ್ದಿ ಇರುವಾಗಲೇ ಹಾಕಿ.

ಜಾಗ ನಗರಸಭೆಗೆ ಹೇಗೆ ಬಂತು?

ಇಡೀ ವಾದದಲ್ಲಿ ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ ಅಂತ ನನ್ನ ಅನಿಸಿಕೆ. ಆದರೂ ಜನ ಇದನ್ನು ಬಿಟ್ಟು ನೇರವಾಗಿ ‘ಊರು ಮಾರ್ತಾ ಇದ್ದಾರೆ’ ಅಂತ ಶುರು ಮಾಡುತ್ತಾರೆ.

ಜಾಗ ಬರುವ ದಾರಿ ಕೆಲವೇ. ಸರ್ಕಾರ ಒಂದು ಉದ್ದೇಶಕ್ಕೆ ಮಂಜೂರು ಮಾಡಿರಬಹುದು. ರೈತರಿಂದ ಸಾರ್ವಜನಿಕ ಉದ್ದೇಶ ಅಂತ ಸ್ವಾಧೀನ ಮಾಡಿಕೊಂಡಿರಬಹುದು. ಯಾರೋ ದಾನ ಕೊಟ್ಟಿರಬಹುದು. ಲೇಔಟ್ ಮಾಡಿದವರು ಪಾರ್ಕಿಗೆ, ಸಿಎ (ನಾಗರಿಕ ಸೌಲಭ್ಯದ) ನಿವೇಶನಕ್ಕೆ ಅಂತ ಬಿಟ್ಟಿರಬಹುದು. ನಗರಸಭೆ ತನ್ನ ದುಡ್ಡಲ್ಲಿ ಕೊಂಡದ್ದು ತೀರಾ ಕಡಿಮೆ. ಪ್ರತಿ ದಾರಿಗೂ ಒಂದು ಷರತ್ತು ಅಂಟಿಕೊಂಡಿರುತ್ತದೆ. ಆ ಷರತ್ತು ಹುಡುಕಿ.

ನಮ್ಮ ಸಂತೆ ಮೈದಾನದ ಒಂದು ಭಾಗ ದಾನದ್ದು. ದಾನಪತ್ರ ರೆಕಾರ್ಡ್ ರೂಮಿನಲ್ಲಿ ಇಲ್ಲ ಅಂದರು. ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ನಕಲು ಸಿಕ್ಕಿತು. ‘ವಾರದ ಸಂತೆ ಕೂಡುವುದಕ್ಕಾಗಿ, ಬೇರೆ ಯಾವುದಕ್ಕೂ ಉಪಯೋಗಿಸತಕ್ಕದ್ದಲ್ಲ’ ಅಂತ ಬರೆದಿತ್ತು. ಅದನ್ನು ಸಭೆಯಲ್ಲಿ ಓದಿ, ಪ್ರತಿಯನ್ನು ಅಧ್ಯಕ್ಷರ ಮೇಜಿನ ಮೇಲಿಟ್ಟು, ‘ಇದನ್ನು ನಡಾವಳಿಗೆ ಲಗತ್ತಿಸಬೇಕು’ ಅಂದೆ. ಮಾರಬೇಕು ಅನ್ನುತ್ತಿದ್ದವರಲ್ಲೇ ಇಬ್ಬರು ಹಿರಿಯರು ಆ ಹೊತ್ತಿಗೆ ಸುಮ್ಮನಾದರು. ದಾನ ಕೊಟ್ಟವರ ಮನೆತನ ಇನ್ನೂ ಊರಲ್ಲಿದೆ, ಮದುವೆ ಮುಂಜಿಗಳಲ್ಲಿ ಮುಖ ನೋಡಬೇಕಲ್ಲ.

ಪಾರ್ಕು, ಆಟದ ಮೈದಾನ ಆಗಿದ್ದರೆ ನಿಮ್ಮ ಕೆಲಸ ಸುಲಭ. ಅವನ್ನು ಕಾಪಾಡಲೆಂದೇ ನಮ್ಮ ರಾಜ್ಯದಲ್ಲಿ 1985ರ ಕಾನೂನಿದೆ. ಜೊತೆಗೆ ಬೆಂಗಳೂರಿನ ಮುದ್ದಪ್ಪ ಕೇಸನ್ನು ಹೆಸರು ಹೇಳಿ ಎತ್ತಿ. ಸದಾಶಿವನಗರದ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಪಾರ್ಕಿಗೆ ಅಂತ ಬಿಟ್ಟಿದ್ದ ಜಾಗವನ್ನು ಬಿಡಿಎ (ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ) ಒಂದು ಖಾಸಗಿ ಟ್ರಸ್ಟಿಗೆ ಆಸ್ಪತ್ರೆ ಕಟ್ಟಲು ಕೊಟ್ಟಿತ್ತು. ಮುಖ್ಯಮಂತ್ರಿಗಳ ಸೂಚನೆ ಮೇಲೆ. ಬಡಾವಣೆಯ ನಿವಾಸಿಗಳು ಕೋರ್ಟಿಗೆ ಹೋದರು. 1991ರಲ್ಲಿ ಸುಪ್ರೀಂ ಕೋರ್ಟ್ ನಿವಾಸಿಗಳ ಪರ ತೀರ್ಪು ಕೊಟ್ಟಿತು. ಸಭೆಯಲ್ಲಿ ಎರಡು ಅಂಶ ಒತ್ತಿ ಹೇಳಿ: ಆಸ್ಪತ್ರೆಯಂಥ ಒಳ್ಳೆಯ ಕೆಲಸಕ್ಕೂ ಪಾರ್ಕ್ ಕೊಡಲಾಗದು ಅಂದರು, ಮತ್ತು ಪಕ್ಕದ ಮನೆಯವರಿಗೆ ಪ್ರಶ್ನಿಸುವ ಹಕ್ಕಿದೆ ಅಂದರು. ‘ನಿಮಗೇನು ಸಂಬಂಧ?’ ಅನ್ನುವವರಿಗೆ ಇದೇ ಉತ್ತರ.

ಬೆಲೆಯನ್ನು ಬಿಲ್ಡರ್ ಕಣ್ಣಲ್ಲಿ ಲೆಕ್ಕ ಹಾಕಿ

ಪ್ರಸ್ತಾವದಲ್ಲಿ ಸಾಮಾನ್ಯವಾಗಿ ‘ಮಾರ್ಗಸೂಚಿ ಬೆಲೆಗಿಂತ ಶೇ 20 ಜಾಸ್ತಿ ಕೊಡುತ್ತಿದ್ದಾರೆ’ ಅಂತ ಇರುತ್ತದೆ. ಕೇಳಿದವರು ತಲೆದೂಗುತ್ತಾರೆ. ಮಾರ್ಗಸೂಚಿ ಬೆಲೆ ಅಂದರೆ ನೋಂದಣಿ ಶುಲ್ಕಕ್ಕೆ ಸರ್ಕಾರ ಇಟ್ಟುಕೊಂಡ ಕನಿಷ್ಠ ಬೆಲೆ. ಬಿಲ್ಡರ್ ಯಾವತ್ತೂ ಅದನ್ನು ನೋಡಿ ಜಾಗ ಕೊಳ್ಳುವುದಿಲ್ಲ. ಇಲ್ಲಿ ಎಷ್ಟು ಅಡಿ ಕಟ್ಟಬಹುದು, ಎಷ್ಟಕ್ಕೆ ಮಾರಬಹುದು ಅಂತ ಲೆಕ್ಕ ಹಾಕಿ, ಹಿಂದಕ್ಕೆ ಬರುತ್ತಾನೆ.

ನೀವೂ ಹಾಗೇ ಹಾಕಿ. ಅಂಕಿ ನಿಮ್ಮ ಊರಿನದು ಹಾಕಿಕೊಳ್ಳಿ, ಇಲ್ಲಿ ಸುಮ್ನೆ ಉದಾಹರಣೆಗೆ ಹೇಳುತ್ತೇನೆ. 2 ಎಕರೆ ಅಂದರೆ 80 ಗುಂಟೆ, ಗುಂಟೆಗೆ 1,089 ಅಡಿಯಂತೆ 87,120 ಚದರಡಿ. ಎಫ್‌ಎಆರ್ (ಜಾಗದ ಅಳತೆಯ ಎಷ್ಟು ಪಟ್ಟು ಕಟ್ಟಬಹುದು ಅನ್ನುವ ಮಿತಿ) 2.5 ಇದ್ದರೆ 2,17,800 ಚದರಡಿ ಕಟ್ಟಬಹುದು. ಅಡಿಗೆ 6,000 ರೂಪಾಯಿಯಂತೆ ಮಾರಿದರೆ 130.68 ಕೋಟಿ. ಕಟ್ಟುವ ಖರ್ಚು, ಅನುಮತಿ, ಬಡ್ಡಿ ಎಲ್ಲ ಸೇರಿ ಅಡಿಗೆ 3,500 ಅಂದರೆ 76.23 ಕೋಟಿ. ಮಾರಾಟದ ಶೇ 20 ಲಾಭ ಅಂತ ಧಾರಾಳವಾಗಿ ಬಿಟ್ಟುಕೊಡಿ, 26.14 ಕೋಟಿ. ಆದರೂ ಜಾಗಕ್ಕೆ ಅಂತ 28.31 ಕೋಟಿ ಉಳಿಯುತ್ತದೆ. ಮಾರ್ಗಸೂಚಿ ಬೆಲೆ ಅಡಿಗೆ 1,500 ಇದ್ದರೆ ಇದೇ ಜಾಗ 13.07 ಕೋಟಿ. ಅದರ ಮೇಲೆ ಶೇ 20 ಸೇರಿಸಿದರೂ 16 ಕೋಟಿ ದಾಟುವುದಿಲ್ಲ. 12 ಕೋಟಿಗೂ ಜಾಸ್ತಿ ವ್ಯತ್ಯಾಸ.

ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದು ಎಲ್ಲ ಸದಸ್ಯರಿಗೂ ಹಂಚಿ. ‘ನನ್ನ ಅಂಕಿ ತಪ್ಪಿದ್ದರೆ ತಿದ್ದಿ’ ಅನ್ನಿ. ತಿದ್ದಲು ಕೂತವರು ತಮ್ಮ ಅಂಕಿ ಹೇಳಲೇಬೇಕಾಗುತ್ತದೆ, ಹಾಗಾದರೂ ಅದು ದಾಖಲೆಗೆ ಬರುತ್ತದೆ. ಎಫ್‌ಎಆರ್ ರಸ್ತೆಯ ಅಗಲದ ಮೇಲೆ ನಿಲ್ಲುತ್ತದೆ ಅನ್ನುವುದನ್ನೂ ಮರೆಯಬೇಡಿ. ಜಾಗದ ಮುಂದಿನ ರಸ್ತೆ ಅಗಲ ಮಾಡುವ ಕಾಮಗಾರಿ ಅದೇ ವರ್ಷದ ಬಜೆಟ್ಟಿನಲ್ಲಿ ಇದೆಯಾ ನೋಡಿ. ಇದ್ದರೆ, ಮೊದಲು ರಸ್ತೆ ಆಗಲಿ, ಆಮೇಲೆ ಬೆಲೆ ಕಟ್ಟೋಣ ಅನ್ನಿ.

ಹೇಳಿದ ಬೆಲೆ ಬೇರೆ, ಕೈಗೆ ಬರುವ ನಗದು ಬೇರೆ. ಇದಕ್ಕೆ ನಾನು ಕೊಡುವ ಉದಾಹರಣೆ ಅಮೆರಿಕದ್ದು. ಕ್ಯಾಲಿಫೋರ್ನಿಯಾದ ಅನಹೈಮ್ ನಗರ ತನ್ನ ಏಂಜೆಲ್ ಸ್ಟೇಡಿಯಂ ಮತ್ತು ಸುತ್ತಲಿನ ಸುಮಾರು 150 ಎಕರೆಯನ್ನು ಬೇಸ್‌ಬಾಲ್ ತಂಡದ ಮಾಲೀಕರ ಕಂಪನಿಗೆ 32 ಕೋಟಿ ಡಾಲರಿಗೆ ಮಾರಲು ಹೊರಟಿತ್ತು. ಕಡಿಮೆ ಬಾಡಿಗೆ ಮನೆ, ಪಾರ್ಕು ಕಟ್ಟಿಕೊಡುತ್ತೇವೆ ಅಂತ ಅದರಲ್ಲೇ ಕಳೆದುಕೊಂಡು, ನಗದು ಸುಮಾರು 15 ಕೋಟಿ ಡಾಲರಿಗೆ ಇಳಿಯಿತು. ಸಾರ್ವಜನಿಕ ಜಾಗ ಮಾರುವ ಮೊದಲು ಕಡಿಮೆ ಆದಾಯದವರ ವಸತಿಗೆ ಅವಕಾಶ ಕೊಡಬೇಕು ಅನ್ನುವ ರಾಜ್ಯದ ಕಾನೂನನ್ನು ಮುರಿದಿದ್ದೀರಿ ಅಂತ ಸರ್ಕಾರವೇ ತಕರಾರು ತೆಗೆಯಿತು. 2022ರ ಮೇ ತಿಂಗಳಲ್ಲಿ ಮೇಯರ್ ಮೇಲೆ ಎಫ್‌ಬಿಐ ತನಿಖೆ ನಡೆಯುತ್ತಿರುವುದು ಹೊರಬಿತ್ತು. ಮೇಯರ್ ರಾಜೀನಾಮೆ ಕೊಟ್ಟರು, ಕೌನ್ಸಿಲ್ ಒಪ್ಪಂದ ರದ್ದು ಮಾಡಿತು. ಅಷ್ಟು ಕಾವಲು ಇರುವ ಊರಲ್ಲೇ ಹೀಗೆ. ಹಾಗಾಗಿ ‘ಕಂಪನಿ ಸಮುದಾಯ ಭವನ ಕಟ್ಟಿಕೊಡುತ್ತೆ, ಶೌಚಾಲಯ ಕಟ್ಟಿಕೊಡುತ್ತೆ’ ಅಂದ ತಕ್ಷಣ ಕೇಳಿ: ಅದರ ಬೆಲೆಯನ್ನು ಜಾಗದ ಬೆಲೆಯಲ್ಲಿ ಕಳೆಯುತ್ತೀರಾ? ಎಷ್ಟು? ಆ ಅಂದಾಜು ಮಾಡಿದ ಎಂಜಿನಿಯರ್ ಯಾರ ಕಡೆಯವರು?

‘ಖಾಲಿ ಬಿದ್ದಿದೆ’

ಈ ಮಾತು ಬಂದೇ ಬರುತ್ತದೆ. ಸಂತೆ ದಿನ ಬಿಟ್ಟು ಬೇರೆ ದಿನ ಫೋಟೋ ತೆಗೆದು ತೋರಿಸುತ್ತಾರೆ. ನೀವು ಸಂತೆ ದಿನ ಹೋಗಿ. ಎಷ್ಟು ಜನ ಕೂರುತ್ತಾರೆ, ಯಾವ ಹಳ್ಳಿಯಿಂದ ಬರುತ್ತಾರೆ, ಏನು ಮಾರುತ್ತಾರೆ, ನೆಲವಳಿ (ಕೂರುವ ಜಾಗದ ಸುಂಕ) ಎಷ್ಟು ಕೊಡುತ್ತಾರೆ ಅಂತ ಪಟ್ಟಿ ಮಾಡಿ. ನೆಲವಳಿ ಹರಾಜಿನ ದುಡ್ಡು ನಗರಸಭೆ ಲೆಕ್ಕದಲ್ಲಿ ಇದ್ದೇ ಇರುತ್ತದೆ. ತನ್ನದೇ ಲೆಕ್ಕದಲ್ಲಿ ವರಮಾನ ತೋರಿಸಿ, ಟಿಪ್ಪಣಿಯಲ್ಲಿ ‘ನಿರುಪಯುಕ್ತ ಜಾಗ’ ಅಂತ ಬರೆದ ಕಚೇರಿಯನ್ನು ಕೇಳಲು ಇದಕ್ಕಿಂತ ಏನು ಬೇಕು?

ಬೀದಿ ವ್ಯಾಪಾರಿಗಳ 2014ರ ಕಾನೂನು ಇಲ್ಲಿ ನಿಮ್ಮ ಜೊತೆಗಿದೆ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ವ್ಯಾಪಾರಿಗಳನ್ನು ಎಬ್ಬಿಸುವಂತಿಲ್ಲ. 50 ವರ್ಷಕ್ಕೂ ಮೀರಿ ವ್ಯಾಪಾರ ನಡೆದುಬಂದ ಸಹಜ ಮಾರುಕಟ್ಟೆಗಳನ್ನು ಪಾರಂಪರಿಕ ಮಾರುಕಟ್ಟೆ ಅಂತ ಘೋಷಿಸಬೇಕು, ಅಲ್ಲಿನವರನ್ನು ಸ್ಥಳಾಂತರ ಮಾಡಬಾರದು ಅಂತಲೂ ಅದರಲ್ಲಿದೆ. ಅದೇ ಕಾನೂನಿನಂತೆ ಬೀದಿ ವ್ಯಾಪಾರಿಗಳ ವಿಷಯ ನೋಡುವ ಪಟ್ಟಣ ಮಾರಾಟ ಸಮಿತಿಯ ಮುಂದೆ ಈ ವಿಷಯ ಇಟ್ಟಿದ್ದೀರಾ ಅಂತ ಕೇಳಿ. ಹೆಚ್ಚಿನ ಊರುಗಳಲ್ಲಿ ಆ ಸಮಿತಿ ಇದೆ ಅನ್ನುವುದೇ ಸದಸ್ಯರಿಗೆ ನೆನಪಿರುವುದಿಲ್ಲ.

ಸೊಪ್ಪು ಮಾರುವ ಅಜ್ಜಿಯನ್ನು ಕರೆತಂದು ಗ್ಯಾಲರಿಯಲ್ಲಿ ಕೂರಿಸಿ ಕಣ್ಣೀರು ಹಾಕಿಸುವ ಆಟ ಮಾತ್ರ ಬೇಡ. ಪಟ್ಟಿಯಲ್ಲಿ ಅವರ ಹೆಬ್ಬೆಟ್ಟು ಇರಲಿ.

ಎದುರಿನವರ ಮಾತಲ್ಲೂ ಹುರುಳಿದೆ

ಎಲ್ಲ ಜಾಗವನ್ನೂ ಮಾರಲೇಬಾರದು ಅನ್ನುವವಳು ನಾನಲ್ಲ. ಎರಡು ಮನೆಗಳ ನಡುವೆ ಸಿಕ್ಕಿಕೊಂಡ ಮೂಲೆ ತುಂಡು, ದಾರಿಯೇ ಇಲ್ಲದ ಪಟ್ಟಿ ಜಾಗ, ಇವನ್ನು ಹರಾಜು ಹಾಕಿದರೆ ತಪ್ಪೇನಿಲ್ಲ. ಇನ್ನೊಂದು ಮಾತು. ಮಾರಾಟಕ್ಕೆ ವಿರೋಧ ಅಂತ ಬೊಬ್ಬೆ ಹೊಡೆಯುವವರಲ್ಲೇ ಕೆಲವರು ನಗರಸಭೆ ಮಳಿಗೆಗಳನ್ನು ದಶಕಗಳಿಂದ ಪುಡಿಗಾಸಿಗೆ ಹಿಡಿದುಕೊಂಡು, ಒಳಬಾಡಿಗೆಗೆ ಬಿಟ್ಟು ತಿನ್ನುತ್ತಿರುತ್ತಾರೆ. ಅಂಥವರನ್ನು ನಿಮ್ಮ ಪಕ್ಕ ನಿಲ್ಲಿಸಿಕೊಂಡರೆ ಕಂಪನಿ ಪರದವರಿಗೆ ಹಬ್ಬ. ಸಭೆಗೆ ಮುಂಚೆಯೇ ಮಳಿಗೆ ಬಾಡಿಗೆ ಪಟ್ಟಿಯನ್ನೂ ನೀವೇ ಕೇಳಿಬಿಡಿ.

‘ಹರಾಜು ಇಲ್ಲದೆ ಕೊಡುವುದು ಸಂವಿಧಾನಕ್ಕೆ ವಿರೋಧ’ ಅಂತ ಒಂದೇ ಏಟಿಗೆ ಹೇಳಬೇಡಿ. ವಕೀಲರಿದ್ದರೆ ಅಲ್ಲೇ ನಿಮ್ಮನ್ನು ಹಿಡಿಯುತ್ತಾರೆ. ನೈಸರ್ಗಿಕ ಸಂಪತ್ತನ್ನು ಕೊಡಲು ಹರಾಜೊಂದೇ ದಾರಿಯಲ್ಲ ಅಂತ 2012ರಲ್ಲಿ ಸುಪ್ರೀಂ ಕೋರ್ಟ್ ರಾಷ್ಟ್ರಪತಿಗಳ ಪ್ರಶ್ನೆಗೆ ಉತ್ತರಿಸುವಾಗ ಹೇಳಿದೆ. ಆದರೆ ಅದೇ ಅಭಿಪ್ರಾಯದಲ್ಲಿ, ಯಾವ ಜನಹಿತದ ಉದ್ದೇಶವೂ ಇಲ್ಲದೆ ಲಾಭ ಮಾಡುವ ಖಾಸಗಿಯವರಿಗೆ ಸ್ಪರ್ಧೆಯಿಲ್ಲದೆ ಕೊಟ್ಟರೆ ಅದು ಮನಸೋಇಚ್ಛೆ ಅನ್ನಿಸಿಕೊಳ್ಳಬಹುದು ಅಂತಲೂ ಇದೆ. 2011ರಲ್ಲಿ ಮಧ್ಯಪ್ರದೇಶದ ಒಂದು ಟ್ರಸ್ಟಿಗೆ ಜಾಹೀರಾತು, ಸ್ಪರ್ಧೆ ಏನೂ ಇಲ್ಲದೆ ಕೊಟ್ಟ ಜಾಗವನ್ನು ಇದೇ ಕೋರ್ಟ್ ರದ್ದು ಮಾಡಿತ್ತು. ಹಾಗಾಗಿ ಪ್ರಶ್ನೆಯನ್ನು ಹೀಗೆ ಕೇಳಿ: ‘ಹರಾಜು ಬೇಡ ಅನ್ನುವುದಾದರೆ, ಯಾವ ಜನಹಿತಕ್ಕಾಗಿ ಬೇಡ ಅಂತ ನಿಲುವಳಿಯಲ್ಲೇ ಬರೆಯಿರಿ.’ ಬರೆಯಲು ಹೊರಟಾಗ ಕಷ್ಟ ಶುರುವಾಗುತ್ತದೆ.

ತಿದ್ದುಪಡಿ ತನ್ನಿ

ವಿರೋಧಿಸಿ ಸಭಾತ್ಯಾಗ ಮಾಡಿದರೆ ಮರುದಿನ ಪೇಪರಿನಲ್ಲಿ ಫೋಟೋ ಬರುತ್ತದೆ. ನಡಾವಳಿಯಲ್ಲಿ ‘ಉಳಿದ ಸದಸ್ಯರು ಸರ್ವಾನುಮತದಿಂದ’ ಅಂತ ಬರುತ್ತದೆ. ಯಾವುದು ಬೇಕು ನೋಡಿ. ನಾನಂತೂ ಕುರ್ಚಿ ಬಿಟ್ಟು ಏಳಬೇಡಿ ಅನ್ನುತ್ತೇನೆ.

ಎದ್ದು ಹೋಗುವ ಬದಲು ಲಿಖಿತ ತಿದ್ದುಪಡಿ ಕೊಡಿ, ಇನ್ನೊಬ್ಬ ಸದಸ್ಯರಿಂದ ಅನುಮೋದನೆ ಹಾಕಿಸಿ. ಮಾರಾಟದ ಬದಲು 30 ವರ್ಷದ ಗುತ್ತಿಗೆ, ಅದರಲ್ಲಿ ಬಾಡಿಗೆ ಪರಿಷ್ಕರಣೆ ಯಾವಾಗ ಅಂತ ಸ್ಪಷ್ಟವಾಗಿ. ಇಲ್ಲವೇ ಜಾಗದ ಒಂದು ಭಾಗ ಮಾತ್ರ. ಬೆಲೆ ಕಟ್ಟಲು ನಗರಸಭೆಗೂ ಕಂಪನಿಗೂ ಸಂಬಂಧವಿಲ್ಲದ ಇಬ್ಬರು ಮೌಲ್ಯಮಾಪಕರು. ಇ-ಹರಾಜು, ಕನಿಷ್ಠ ಬೆಲೆ ಮೊದಲೇ ಪ್ರಕಟ. ಹೇಳಿದ ಅವಧಿಯಲ್ಲಿ ಕಟ್ಟದಿದ್ದರೆ ಜಾಗ ವಾಪಸ್. ಮುಂದೆ ಎಫ್‌ಎಆರ್ ಹೆಚ್ಚಾದರೆ ಅದರ ಲಾಭದಲ್ಲಿ ಪಾಲು. ಬಂದ ದುಡ್ಡು ಪ್ರತ್ಯೇಕ ಖಾತೆಯಲ್ಲಿ, ಹೊಸ ಆಸ್ತಿ ಮಾಡಲು ಮಾತ್ರ. ಈ ಕೊನೆಯದಕ್ಕೆ ವಿರೋಧ ಜಾಸ್ತಿ ಬರುತ್ತದೆ, ಯಾಕೆಂದರೆ ಗುತ್ತಿಗೆದಾರರ ಬಾಕಿ ಬಿಲ್ಲು ಆ ದುಡ್ಡಿಗೇ ಕಾಯುತ್ತಿರುತ್ತದೆ. ಬೆಂಗಳೂರಿನ ಪಾಲಿಕೆ ಸಾಲಕ್ಕಾಗಿ ಕೆ.ಆರ್. ಮಾರುಕಟ್ಟೆಯಂಥ ಆಸ್ತಿಯನ್ನೇ ಅಡ ಇಟ್ಟಿತ್ತು. ಅಡ ಇಟ್ಟದ್ದನ್ನಾದರೂ ಬಿಡಿಸಿಕೊಳ್ಳಬಹುದು.

ಯಾವುದನ್ನು ಮೊದಲು ಕಟ್ಟುತ್ತಾರೆ ಅನ್ನುವುದನ್ನು ಷರತ್ತಿನಲ್ಲಿ ಖಂಡಿತ ಬರೆಸಿ. ಬೆಂಗಳೂರಿನ ಈಜಿಪುರದಲ್ಲಿ ಪಾಲಿಕೆಯ ಸುಮಾರು 15 ಎಕರೆ ಜಾಗದಲ್ಲಿ ಬಡವರ ವಸತಿ ಕಟ್ಟಡಗಳಿದ್ದವು. 2003ರಲ್ಲಿ ಅವುಗಳಲ್ಲಿ ಒಂದಿಷ್ಟು ಕುಸಿದವು. ಖಾಸಗಿ ಸಹಭಾಗಿತ್ವದಲ್ಲಿ ಹೊಸ ಮನೆ ಕಟ್ಟುವ ಯೋಜನೆ ಬಂತು, ಹೆಚ್ಚುಕಡಿಮೆ ಅರ್ಧ ಜಾಗ ಮಾಲ್, ವಾಣಿಜ್ಯ ಕಟ್ಟಡಕ್ಕೆ. 2013ರ ಜನವರಿಯಲ್ಲಿ ಅಲ್ಲಿದ್ದವರನ್ನು ಒಕ್ಕಲೆಬ್ಬಿಸಿದರು. ಎಷ್ಟೋ ಕುಟುಂಬಗಳು ವರ್ಷಗಟ್ಟಲೆ ಪಕ್ಕದ ರಸ್ತೆ ಬದಿಯಲ್ಲೇ ಶೆಡ್ಡು ಹಾಕಿಕೊಂಡು ಇದ್ದವು. ಮನೆ ಕಟ್ಟಿ ಬೀಗದ ಕೈ ಕೊಡುವವರೆಗೆ ಹಳೆಯದನ್ನು ಮುಟ್ಟಬಾರದು, ವಾಣಿಜ್ಯ ಭಾಗಕ್ಕೆ ಅನುಮತಿ ಕೊಡಬಾರದು ಅನ್ನುವ ಒಂದು ಸಾಲು ಎಷ್ಟು ಬೆಲೆ ಬಾಳುತ್ತದೆ ಅಂತ ಅಲ್ಲಿನವರನ್ನು ಕೇಳಬೇಕು.

ಮತ, ಸಹಿ, ಆಮೇಲಿನ ಕೆಲಸ

ಮತಕ್ಕೆ ಹಾಕಿಸಿ. ಕೈ ಎತ್ತಿದವರ ಹೆಸರು ಪರ, ವಿರೋಧ ಅಂತ ಬರೆಯಬೇಕು ಅಂತ ಒತ್ತಾಯಿಸಿ. ಹೆಸರು ಬರೆಯುತ್ತಾರೆ ಅಂದ ತಕ್ಷಣ ನೀರು ಕುಡಿಯಲು ಎದ್ದು ಹೋಗುವವರು ಇರುತ್ತಾರೆ, ನಮ್ಮಲ್ಲೂ ಇದ್ದರು. ಆ ಜಾಗದ ಪಕ್ಕದಲ್ಲಿ ಆಸ್ತಿ ಇರುವವರು, ಕಂಪನಿ ಜೊತೆ ವ್ಯವಹಾರ ಇರುವವರು ಅದನ್ನು ಮೊದಲು ಹೇಳಿ ಚರ್ಚೆಯಿಂದ ಹೊರಗಿರಲಿ ಅಂತ ಕೇಳಿ. ಬೆರಳು ತೋರಿಸಬೇಡಿ, ಎಲ್ಲರಿಗೂ ಅನ್ವಯಿಸುವಂತೆ ಕೇಳಿ.

ಸೋತರೆ, ಅಲ್ಲೇ ಭಿನ್ನಾಭಿಪ್ರಾಯದ ಟಿಪ್ಪಣಿ ಕೊಡಿ. ಒಂದು ಪುಟ ಸಾಕು. ಪ್ರಶ್ನೆಗಳಿಗೆ ಕ್ರಮಸಂಖ್ಯೆ ಹಾಕಿ. ಪುರಸಭೆ, ನಗರಸಭೆಗಳ ಜಾಗ ಮಾರಾಟಕ್ಕೆ ಸರ್ಕಾರದ ಪೂರ್ವಾನುಮತಿ ಬೇಕು. ನಿಲುವಳಿಯ ಜಾರಿಯನ್ನು ತಡೆಹಿಡಿಯುವ ಅಧಿಕಾರ ಜಿಲ್ಲಾಧಿಕಾರಿಗಿದೆ. ಟಿಪ್ಪಣಿಯ ಪ್ರತಿ ಇಬ್ಬರಿಗೂ ಹೋಗಬೇಕು, ನೋಂದಾಯಿತ ಅಂಚೆಯಲ್ಲಿ. ನಮ್ಮ ಸಂತೆ ಮೈದಾನದ ನಿಲುವಳಿ ಬಹುಮತದಿಂದ ಪಾಸಾಯಿತು. ನಾವು ಸೋತೆವು. ಆದರೆ ಕಡತ ಬೆಂಗಳೂರಿಂದ ವಾಪಸ್ ಬಂದಾಗ ಮೇಲೆ ಕೇಳಿದ್ದ ವಿವರಣೆಗಳು ನನ್ನ ಟಿಪ್ಪಣಿಯ ಪ್ರಶ್ನೆಗಳೇ ಆಗಿದ್ದವು, ಕ್ರಮಸಂಖ್ಯೆಯೂ ಅದೇ. ದಾನಪತ್ರಕ್ಕೆ ಯಾರ ಹತ್ತಿರವೂ ಉತ್ತರ ಇರಲಿಲ್ಲ. ಕಂಪನಿ ಬೈಪಾಸ್ ಹತ್ತಿರ ಬೇರೆ ಖಾಸಗಿ ಜಮೀನು ನೋಡಿಕೊಂಡಿತು.

ಮುಂದಿನ ಸಭೆಗೆ ತಪ್ಪದೇ ಹೋಗಿ. ಅದರ ಮೊದಲ ವಿಷಯವೇ ‘ಹಿಂದಿನ ಸಭೆಯ ನಡಾವಳಿ ಓದಿ ದೃಢೀಕರಿಸುವುದು’. ಯಾರೂ ಓದುವುದಿಲ್ಲ, ‘ಓದಿದೆ ಅಂತ ಭಾವಿಸೋಣ’ ಅಂದುಬಿಡುತ್ತಾರೆ. ನೀವು ಓದಿಸಿ. ನಿಮ್ಮ ವಿರೋಧ ಬಿಟ್ಟುಹೋಗಿದ್ದರೆ, ‘ಸರ್ವಾನುಮತ’ ಅಂತ ನುಸುಳಿದ್ದರೆ, ತಿದ್ದಿಸಲು ಅದಕ್ಕಿಂತ ಒಳ್ಳೆಯ ಅವಕಾಶ ಸಿಗುವುದಿಲ್ಲ. ದೃಢೀಕೃತ ನಕಲು ತೆಗೆದುಕೊಂಡು ಮನೆಯಲ್ಲಿಡಿ.

ಚುನಾಯಿತ ಸಭೆಯೇ ಇಲ್ಲದ ಊರಿನವರಿಗೆ ಇದೆಲ್ಲ ಹೇಗೆ ಅಂತ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ. ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರಿನಲ್ಲಿ ಪಾಲಿಕೆ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಆಡಳಿತಾಧಿಕಾರಿಯೇ ಸಭೆ, ಆಡಳಿತಾಧಿಕಾರಿಯೇ ನಿಲುವಳಿ. ಅಂಥ ಕಡೆ ಗಲಾಟೆಗೆ ಎದುರಾಳಿಯೇ ಇಲ್ಲ. ಆದರೂ ಆಡಳಿತಾಧಿಕಾರಿ ಸಹಿ ಹಾಕುವುದು ಒಂದು ಕಡತಕ್ಕೇ. ಮೇಲೆ ಹೇಳಿದ ಪ್ರಶ್ನೆಗಳನ್ನು ನಿವಾಸಿಗಳ ಆಕ್ಷೇಪಣೆ ಅಂತ ಬರೆದು, ಆ ಕಡತದ ಸಂಖ್ಯೆ ಹಾಕಿ, ಟಪಾಲು ವಿಭಾಗದಲ್ಲಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಕಡತದ ಸಂಖ್ಯೆ ಬರೆಯದಿದ್ದರೆ ನಿಮ್ಮ ಪತ್ರ ಬೇರೆ ಯಾವುದೋ ಕಪಾಟಿಗೆ ಹೋಗುತ್ತದೆ.